ಆಕಾಶದ ಟ್ರಂಕ್ ಬೋರ್ಡು: ‘ಡಿಎಸ್‌ಎನ್ ನೌ’ ನೋಡುತ್ತಾ ಒಂದು ವರ್ಷ

ಸಾಗರ ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಪರಊರಿನ ಕರೆಗಳನ್ನು ಕೈಯಿಂದ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕೂತು ಹನ್ನೊಂದು ವರ್ಷ ಕಳೆದವಳು ನಾನು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಚೀಟಿ ಬೇರೆ ಮಾಡಿ, ಶಿವಮೊಗ್ಗದವರ ಹತ್ತಿರ ಬೆಂಗಳೂರು ಲೈನಿಗೆ ಗೋಗರೆದು, ಕೊನೆಗೆ ‘ಮಾತಾಡಿ ಸಾರ್’ ಅಂದು ಪ್ಲಗ್ ಚುಚ್ಚಿದರೆ ಅದೊಂದು ಸಮಾಧಾನ. ಪರಊರಿಗೆ ನೇರ ಡಯಲ್ ಮಾಡುವ ಎಸ್‌ಟಿಡಿ ಬಂದಮೇಲೆ ಬೋರ್ಡು ಗುಜರಿಗೆ ಹೋಯಿತು, ನಾನು ಬಿಲ್ಲಿಂಗ್ ಸೆಕ್ಷನ್ನಿಗೆ ಹೋದೆ. ಕಳೆದ ಮಳೆಗಾಲದಲ್ಲಿ ಅಣ್ಣನ ಮೊಮ್ಮಗ ಟ್ಯಾಬಿನಲ್ಲಿ ‘ಡಿಎಸ್‌ಎನ್ ನೌ’ ತೆರೆದು ತೋರಿಸಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ‘ಅಯ್ಯೋ, ಇದು ನಮ್ಮ ಬೋರ್ಡೇ ಅಲ್ವೇನೋ!’

ನಾಸಾದವರ ಬಿಟ್ಟಿ ವೆಬ್ ಪುಟ ಇದು; ಡಿಎಸ್‌ಎನ್ ಅಂದರೆ ಡೀಪ್ ಸ್ಪೇಸ್ ನೆಟ್‌ವರ್ಕ್, ಅವರ ದೂರದ ಬಾಹ್ಯಾಕಾಶದ ಸಂಪರ್ಕ ಜಾಲ. ಲಾಗಿನ್ ಇಲ್ಲ, ಓಟಿಪಿ ಇಲ್ಲ. ದೂರದ ನೌಕೆಗಳ ಜೊತೆ ಮಾತಾಡಲು ಅವರಿಗೆ ಮೂರು ಕಡೆ ಕೇಂದ್ರಗಳಿವೆ: ಕ್ಯಾಲಿಫೋರ್ನಿಯಾದ ಮರುಭೂಮಿಯ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್ ಹತ್ತಿರ ಒಂದು, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ ಇನ್ನೊಂದು. ಭೂಮಿ ತಿರುಗಿ ಒಂದು ಊರಿಗೆ ನೌಕೆ ಮುಳುಗುವ ಹೊತ್ತಿಗೆ ಇನ್ನೊಂದು ಊರಿಗೆ ಹುಟ್ಟಿರಬೇಕು, ಅದಕ್ಕೇ ಹೀಗೆ ಹಂಚಿ ಇಟ್ಟಿದ್ದಾರೆ. ಪ್ರತಿ ಕಡೆಯೂ 70 ಮೀಟರ್ ಅಗಲದ ಒಂದು ದೊಡ್ಡ ಡಿಶ್, ಜೊತೆಗೆ 34 ಮೀಟರಿನ ಕೆಲವು. ತೆರೆಯ ಮೇಲೆ ಇವೆಲ್ಲ ಪುಟ್ಟ ಬಟ್ಟಲುಗಳ ಹಾಗೆ ಸಾಲಾಗಿ ಕೂತಿರುತ್ತವೆ. ಕರೆ ನಡೆಯುತ್ತಿದ್ದರೆ ಬಟ್ಟಲಿನಿಂದ ಅಲೆ ಮೇಲಕ್ಕೆ ಹೋಗುತ್ತದೆ, ಇಲ್ಲವೇ ಕೆಳಕ್ಕೆ ಇಳಿಯುತ್ತದೆ. ತಲೆಯ ಮೇಲೆ ನೌಕೆಯ ಚುಟುಕು ಹೆಸರು. ಬಟ್ಟಲನ್ನು ಮುಟ್ಟಿದರೆ ಪೂರ್ತಿ ಹೆಸರು, ಎಷ್ಟು ದೂರ, ಬೆಳಕು ಹೋಗಿಬರಲು ಎಷ್ಟು ಹೊತ್ತು, ಸೆಕೆಂಡಿಗೆ ಎಷ್ಟು ಬಿಟ್ ಮಾಹಿತಿ, ಆ ಡಿಶ್ ಇರುವಲ್ಲಿ ಗಾಳಿ ಎಷ್ಟು ಜೋರು, ಎಲ್ಲ ಬರುತ್ತದೆ. ಗಾಳಿಯ ಲೆಕ್ಕ ಯಾಕೆ ಅಂತ ನಮ್ಮ ಹುಡುಗ ಕೇಳಿದ. ಆಷಾಢದಲ್ಲಿ ಕಂಬ ಬಾಗಿ ಲೈನು ಹೋಗುತ್ತಿದ್ದದ್ದನ್ನು ಅವನು ನೋಡಿಲ್ಲವಲ್ಲ.

ಮಾತು ಮಾತ್ರ ಕೇಳಿಸುವುದಿಲ್ಲ, ಚಿತ್ರವೂ ಇಲ್ಲ. ಮಂಗಳನ ಫೋಟೋ ನೋಡುವ ಆಸೆಯಿಂದ ತೆರೆದವರು ಎರಡು ನಿಮಿಷಕ್ಕೆ ಮುಚ್ಚಿಬಿಡುತ್ತಾರೆ, ನಮ್ಮ ಮನೆಯಲ್ಲಿ ನಾಲ್ವರು ಹಾಗೇ ಮಾಡಿದರು. ನನಗೆ ಹಿಡಿಸಿದ್ದೇ ಇದು. ಪೇಪರಿನಲ್ಲಿ ಬಾಹ್ಯಾಕಾಶದ ಸುದ್ದಿ ಅಂದರೆ ಹಾರಿದ್ದು, ಇಳಿದದ್ದು, ಬಿದ್ದದ್ದು. ಹಾರಿ ಇಳಿದಮೇಲೆ ವರ್ಷಗಟ್ಟಲೆ ನಡೆಯುವ ಸಂಸಾರ ಕಾಣುವುದು ಇಲ್ಲಿ. ಗುರುವಿನ ಸುತ್ತ ಇರುವ ಜೂನೋ ವರದಿ ಒಪ್ಪಿಸುತ್ತಿರುತ್ತದೆ. ಒಂದೇ ಡಿಶ್ ಮಂಗಳನ ಎರಡು ಮೂರು ನೌಕೆಗಳಿಗೆ ಒಟ್ಟಿಗೆ ಕಿವಿಗೊಟ್ಟಿರುತ್ತದೆ. ಮಂಗಳದ ಕರೆ ಹೋಗಿಬರಲು ಅದು ಹತ್ತಿರವಿದ್ದಾಗ ಆರೇಳು ನಿಮಿಷ, ಸೂರ್ಯನ ಆಚೆಗೆ ಹೋದಾಗ ಮುಕ್ಕಾಲು ಗಂಟೆಯ ತನಕ.

ನಾನು ಕಾಯುವುದು ಕ್ಯಾನ್‌ಬೆರಾದ 43ನೇ ನಂಬರಿನ ಡಿಶ್‌ಗೆ. 1977ರ ಆಗಸ್ಟಿನಲ್ಲಿ ಹೊರಟ ನಾಸಾದ ನೌಕೆ ವಾಯೇಜರ್ 2ಕ್ಕೆ ಆಜ್ಞೆ ಕಳಿಸಬಲ್ಲ ಡಿಶ್ ಇಡೀ ಭೂಮಿಯಲ್ಲಿ ಅದೊಂದೇ. 1989ರಲ್ಲಿ ನೆಪ್ಚೂನಿನ ಉತ್ತರ ಧ್ರುವದ ಮೇಲೆ ಹಾದಾಗ ನೌಕೆಯ ದಾರಿ ದಕ್ಷಿಣಕ್ಕೆ ಬಾಗಿತು. ಈಗ ಗೋಲ್ಡ್‌ಸ್ಟೋನಿಗೂ ಮ್ಯಾಡ್ರಿಡ್ಡಿಗೂ ಅದು ಹುಟ್ಟುವುದೇ ಇಲ್ಲ, ಸದಾ ದಿಗಂತದ ಕೆಳಗೆ. 2020ರ ಮಾರ್ಚಿನಲ್ಲಿ ಆ ಡಿಶ್ಶನ್ನು ರಿಪೇರಿಗೆ ಬಿಚ್ಚಿದಾಗ ಹತ್ತಿರ ಹತ್ತಿರ ಒಂದು ವರ್ಷ ನೌಕೆ ಹೇಳಿದ್ದನ್ನು ಕೇಳಿಸಿಕೊಳ್ಳಬಹುದಿತ್ತು, ತಿರುಗಿ ಹೇಳುವ ಹಾಗಿರಲಿಲ್ಲ. ನಡುವೆ ಅಕ್ಟೋಬರಿನಲ್ಲಿ ಒಂದು ಪರೀಕ್ಷಾ ಕರೆ ಮಾಡಿ, ಉತ್ತರಕ್ಕೆ 34 ಗಂಟೆಗೂ ಹೆಚ್ಚು ಕಾದರು. 2023ರ ಜುಲೈನಲ್ಲಂತೂ ತಪ್ಪು ಆಜ್ಞೆ ಹೋಗಿ ನೌಕೆಯ ಆಂಟೆನಾ ಭೂಮಿಯಿಂದ ಬರೀ ಎರಡು ಡಿಗ್ರಿ ಪಕ್ಕಕ್ಕೆ ತಿರುಗಿತು. ಲೈನ್ ಕಟ್. ಕೊನೆಗೆ ಈ ಡಿಶ್ಶಿನಿಂದಲೇ ಅತಿ ಜೋರಿನ ಪವರಿನಲ್ಲಿ ಕೂಗಿ, ಆಗಸ್ಟ್ 4ಕ್ಕೆ ಮತ್ತೆ ಹಿಡಿದರು. ದುಬೈ ಕರೆಗಳಲ್ಲಿ ನಾವು ‘ಹಲೋ, ಹಲೋ’ ಅಂತ ಗಂಟಲು ಹರಿದುಕೊಳ್ಳುತ್ತಿದ್ದದ್ದು ನೆನಪಾಗಿ ನಗು ಬಂತು.

ವಾಯೇಜರ್ 2ರಿಂದ ಮಾಹಿತಿ ಬರುವ ವೇಗ ಈಗ ಸೆಕೆಂಡಿಗೆ 160 ಬಿಟ್. ಹುಡುಗ ಲೆಕ್ಕ ಹಾಕಿದ: ಈಗಿನ ಯೂನಿಕೋಡಿನಲ್ಲಿ ‘ನಮಸ್ತೆ’ ಎಂದು ಬರೆದರೆ 144 ಬಿಟ್. ಸೆಕೆಂಡಿಗೆ ಒಂದು ನಮಸ್ತೆ, ಅಷ್ಟೆ. ಅಂದ ಹಾಗೆ ಎರಡೂ ವಾಯೇಜರ್‌ಗಳಲ್ಲಿರುವ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆ, ಕನ್ನಡದ್ದೂ ಒಂದು. ವಾಯೇಜರ್ 1 ಹತ್ತಿರ ಹತ್ತಿರ 2,500 ಕೋಟಿ ಕಿಲೋಮೀಟರ್ ಆಚೆ ಇದೆ. ಕನ್ನಡದ ದನಿ ಇದಕ್ಕಿಂತ ದೂರ ಹೋದದ್ದಿಲ್ಲ.

ಇನ್ನೊಂದು ವಿಷಯ ಕೇಳಿ ಹೊಟ್ಟೆ ಉರಿಯಿತು. 2017ರ ಕೊನೆಯಿಂದ, ಎಲ್ಲಿ ಹಗಲೋ ಆ ಕೇಂದ್ರದವರೇ ಮೂರೂ ಕಡೆಯ ಡಿಶ್‌ಗಳನ್ನು ನಡೆಸುತ್ತಾರಂತೆ. ನೈಟ್ ಡ್ಯೂಟಿಯ ತಾಪತ್ರಯವನ್ನೇ ಹೀಗೆ ಕಳಚಿಕೊಂಡಿದ್ದಾರೆ. ನಮಗೆ ಫ್ಲಾಸ್ಕಿನ ಕಾಫಿಯೇ ಗತಿಯಾಗಿತ್ತು.

ಕೊರತೆ ಇಲ್ಲವೆಂದಲ್ಲ. ಎಲ್ಲ ಇಂಗ್ಲಿಷಿನಲ್ಲಿ. ಸಿಗ್ನಲ್ ಎಷ್ಟು ಕ್ಷೀಣ ಅಂತ ಹೇಳುವ ಡೆಸಿಬಲ್ಲಿನ ಮೈನಸ್ ಅಂಕಿ ನನಗೆ ಲೈನು ತಪಾಸಣೆ ಮಾಡುವವರಿಂದ ಗೊತ್ತಿತ್ತು, ಬೇರೆಯವರಿಗೆ ಯಾರಾದರೂ ಬಿಡಿಸಿ ಹೇಳಬೇಕು. ಫೋನಿಗಿಂತ ದೊಡ್ಡ ತೆರೆ ಒಳ್ಳೆಯದು, ನನ್ನ ಕಣ್ಣಿಗಂತೂ.

ದೊಡ್ಡ ಕೊರತೆ ಅವರದಲ್ಲ, ನಮ್ಮದು. ಚಂದ್ರಯಾನ-1ರ ಕಾಲದಲ್ಲಿ, ಬೆಂಗಳೂರಿನ ಪಕ್ಕದ ಬ್ಯಾಲಾಳಿನಲ್ಲಿ ಇಸ್ರೋ 32 ಮೀಟರಿನ ಡಿಶ್ ಕಟ್ಟಿತು, ಜೊತೆಗೆ 18 ಮೀಟರಿನದೊಂದು. ಮಂಗಳಯಾನದ ಜೊತೆ ಮಾತಾಡಿದ್ದು ಅಲ್ಲಿಂದ, ಆಗ ನಾಸಾದ ಈ ಮೂರು ಕೇಂದ್ರಗಳೂ ಕೈಜೋಡಿಸಿದ್ದವು, ನಾವು ಪಕ್ಕದ ಎಕ್ಸ್‌ಚೇಂಜಿನ ಕರೆ ದಾಟಿಸಿಕೊಡುತ್ತಿದ್ದ ಹಾಗೆ. ಆದರೆ ಡಿಎಸ್‌ಎನ್ ನೌ ತೋರಿಸುವುದು ತನ್ನ ಡಿಶ್‌ಗಳನ್ನು ಮಾತ್ರ. ಬ್ಯಾಲಾಳು ಈಗ ಸೂರ್ಯನನ್ನು ನೋಡುವ ಆದಿತ್ಯ ನೌಕೆಯ ಜೊತೆಗಿದೆಯೋ, ಚಂದ್ರನ ಸುತ್ತ ಇರುವ ಚಂದ್ರಯಾನ-2ರ ಜೊತೆಗಿದೆಯೋ, ಸಾಗರದಲ್ಲಿ ಕೂತ ನನಗೆ ಹೀಗೆ ಕಾಣುವುದಿಲ್ಲ. ಅಂಥದೊಂದು ಪುಟ ಕನ್ನಡದಲ್ಲಿ ಬಂದರೆ ಪೆನ್ಶನ್ನಿನಲ್ಲಿ ತಿಂಗಳಿಗೆ ನೂರು ರೂಪಾಯಿ ತೆಗೆದಿಡಲು ತಯಾರಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ನಿನ್ನೆ ರಾತ್ರಿ ಹತ್ತಕ್ಕೆ ನೋಡಿದಾಗ 43ರಿಂದ ಅಲೆ ಮೇಲಕ್ಕೆ ಹೋಗುತ್ತಿತ್ತು, ಹೋಗಿಬರಲು ಸುಮಾರು 39 ಗಂಟೆ. ಉತ್ತರ ಬರುವುದು ನಾಳೆ ಮಧ್ಯಾಹ್ನ ಒಂದು ಗಂಟೆಗೆ. ಊಟಕ್ಕೆ ಕೂರುವಾಗ ಟ್ಯಾಬು ಎದುರಿಗೆ ಇಟ್ಟುಕೊಳ್ಳುತ್ತೇನೆ ಅಂತ ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇನೆ.