ನ್ಯೂಜೆರ್ಸಿಯ ಹಳೇ ಮತ ಲೆಕ್ಕ: ‘ಎ ನ್ಯೂ ನೇಶನ್ ವೋಟ್ಸ್’ ಬಳಸಿ ನೋಡಿದೆ

‘ಎ ನ್ಯೂ ನೇಶನ್ ವೋಟ್ಸ್’ ಅನ್ನುವ ಮಾಹಿತಿ ಭಂಡಾರದಲ್ಲಿ 1787ರಿಂದ 1825ರವರೆಗಿನ ಅಮೆರಿಕದ ಚುನಾವಣಾ ಫಲಿತಾಂಶಗಳು ಒಂದೇ ಕಡೆ ಸಿಗುತ್ತವೆ. ವುಸ್ಟರ್‌ನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಮತ್ತು ಟಫ್ಟ್ಸ್ ವಿಶ್ವವಿದ್ಯಾಲಯ ಸೇರಿ ಇದನ್ನು ಮಾಡಿವೆ. ಆನ್‌ಲೈನ್‌ನಲ್ಲಿದೆ, ದುಡ್ಡು ಕೊಡಬೇಕಿಲ್ಲ. ನನ್ನದು ಲೆಕ್ಕಪತ್ರ ನೋಡುವ ಕೆಲಸ. ಪಟ್ಟಿ ಕಂಡರೆ ಮೊದಲು ಮೊತ್ತ ಕೂಡಿ ನೋಡುವ ಅಭ್ಯಾಸ. ನ್ಯೂಜೆರ್ಸಿಯ ಶಾಸನಸಭೆ ಚುನಾವಣೆಗಳನ್ನೇ ಆರಿಸಿಕೊಂಡೆ. ಯಾಕೆಂದರೆ ಆ ರಾಜ್ಯದಲ್ಲಿ 1807ರವರೆಗೆ ಹೆಂಗಸರೂ ಮತ ಹಾಕುತ್ತಿದ್ದರು. ಆ ಮತಗಳು ಲೆಕ್ಕದಲ್ಲಿ ಎಲ್ಲಿ ಸಿಗುತ್ತವೆ ಅಂತ ನೋಡಬೇಕಿತ್ತು.

ಹುಡುಕುವುದು ಸುಲಭ. ರಾಜ್ಯ, ವರ್ಷ, ಹುದ್ದೆ ಆರಿಸಿದರೆ ಚುನಾವಣೆಗಳು ಸಾಲಾಗಿ ಬರುತ್ತವೆ. ಒಂದನ್ನು ತೆರೆದರೆ ಅಭ್ಯರ್ಥಿಗಳ ಹೆಸರು, ಅವರವರ ಮತ ಕಾಣುತ್ತವೆ. ಗೊತ್ತಿದ್ದರೆ ಪಕ್ಷದ ಹೆಸರೂ ಇರುತ್ತದೆ. ಮಾಹಿತಿ ಉಳಿದಿರುವ ಕಡೆ ಒಂದೊಂದು ಟೌನ್‌ಶಿಪ್‌ನ (ಕೌಂಟಿಯೊಳಗಿನ ಸ್ಥಳೀಯ ಆಡಳಿತ ಘಟಕ) ಲೆಕ್ಕವೂ ಬೇರೆಬೇರೆಯಾಗಿ ಸಿಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಕೋಷ್ಟಕದ ಕೆಳಗೆ ಆಕರ ಹೇಳಿರುವುದು. ಯಾವ ಪತ್ರಿಕೆ, ಯಾವ ತಾರೀಖು ಅಂತ ಬರೆದಿರುತ್ತಾರೆ. ಅಂಕಿ ಎಲ್ಲಿಂದ ಬಂತು ಅಂತ ಹೇಳದ ಪಟ್ಟಿಯನ್ನು ನಾನು ನಂಬುವುದಿಲ್ಲ.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಬೇಕು. 1776ರ ನ್ಯೂಜೆರ್ಸಿ ಸಂವಿಧಾನದ ಪ್ರಕಾರ ಪ್ರತಿ ಕೌಂಟಿಯಿಂದ (ನಮ್ಮ ಜಿಲ್ಲೆಯಂಥದ್ದು) ಶಾಸನಸಭೆಯ ಮೇಲ್ಮನೆಯಾದ ಕೌನ್ಸಿಲ್‌ಗೆ ಒಬ್ಬರು, ಕೆಳಮನೆಯಾದ ಅಸೆಂಬ್ಲಿಗೆ ಮೂವರು. ಚುನಾವಣೆ ವರ್ಷಕ್ಕೊಮ್ಮೆ, ಅಕ್ಟೋಬರ್‌ನಲ್ಲಿ. ಅಂದರೆ ಒಬ್ಬ ಮತದಾರ ಅಸೆಂಬ್ಲಿಗೇ ಮೂರು ಹೆಸರು ಕೊಡಬಹುದಿತ್ತು. ಹಾಗಾಗಿ ಎಲ್ಲ ಅಭ್ಯರ್ಥಿಗಳ ಮತ ಕೂಡಿಸಿ ‘ಇಷ್ಟು ಜನ ಮತ ಹಾಕಿದರು’ ಅನ್ನುವಂತಿಲ್ಲ. ಕೌನ್ಸಿಲ್‌ನ ಲೆಕ್ಕ ಹಿಡಿದರೆ ಜನರ ಸಂಖ್ಯೆಗೆ ಹೆಚ್ಚು ಹತ್ತಿರ ಹೋಗಬಹುದು, ಅಲ್ವಾ? ಇನ್ನೊಂದು, ಆಗಿನ ನ್ಯೂಜೆರ್ಸಿಯಲ್ಲಿ ಗವರ್ನರ್‌ನನ್ನು ಆರಿಸುತ್ತಿದ್ದದ್ದು ಜನರಲ್ಲ, ಇದೇ ಶಾಸನಸಭೆ. ಈ ಚುನಾವಣೆಗಳಿಗೆ ಅಷ್ಟು ತೂಕ ಇದ್ದದ್ದು ಅದಕ್ಕೇ.

ಈ ಅಂಕಿಗಳನ್ನು ಕೂಡಿಹಾಕಿದ ಫಿಲಿಪ್ ಲ್ಯಾಂಪಿ ಅವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹದಿಹರೆಯದಲ್ಲೇ ಈ ಕೆಲಸ ಶುರು ಮಾಡಿದರು. ರಾತ್ರಿ ಕಾವಲುಗಾರನ ಕೆಲಸ ಮಾಡಿಕೊಂಡು, ಹಳೇ ಪತ್ರಿಕೆ ಮತ್ತು ದಾಖಲೆಗಳಿಂದ ಒಂದೊಂದೇ ಅಂಕಿಯನ್ನು ಕೈಯಲ್ಲಿ ಬರೆದುಕೊಂಡರು. ಹೀಗೆ ಹತ್ತಾರು ವರ್ಷ. ಅವರ ಕೈಬರಹದ ಪುಟಗಳ ಚಿತ್ರಗಳನ್ನೂ ಇಟ್ಟಿದ್ದಾರೆ, ಖಂಡಿತ ತೆರೆದು ನೋಡಿ. ಗೆರೆ ಎಳೆದು, ಕಾಲಂ ಮಾಡಿ, ಮೊತ್ತ ಹಾಕಿದ ಆ ಪುಟಗಳ ಮೇಲೆ ನನಗೆ ಅಪಾರ ಗೌರವ.

ಇನ್ನು ನಾನು ಹುಡುಕಿ ಹೋದ ವಿಷಯ. 1776ರ ಸಂವಿಧಾನ 50 ಪೌಂಡ್ ಆಸ್ತಿ ಇರುವ, ಒಂದು ವರ್ಷ ಕೌಂಟಿಯಲ್ಲಿ ನೆಲೆಸಿದ ವಯಸ್ಕರಿಗೆಲ್ಲ ಮತ ಕೊಟ್ಟಿತ್ತು. ಗಂಡಸರಿಗೆ ಮಾತ್ರ ಅಂತ ಎಲ್ಲೂ ಹೇಳಿರಲಿಲ್ಲ. 1790ರ ಕಾನೂನು ಏಳು ಕೌಂಟಿಗಳ ಮಟ್ಟಿಗೆ ಹೆಂಗಸರನ್ನು ಸ್ಪಷ್ಟವಾಗಿ ಸೇರಿಸಿತು. 1797ರಲ್ಲಿ ಅದು ಇಡೀ ರಾಜ್ಯಕ್ಕೆ ಬಂತು. ಮದುವೆಯಾದವಳ ಆಸ್ತಿ ಕಾನೂನಿನಲ್ಲಿ ಗಂಡನ ಕೈ ಸೇರುತ್ತಿದ್ದರಿಂದ ಮತ ಸಿಕ್ಕಿದ್ದು ಹೆಚ್ಚಾಗಿ ವಿಧವೆಯರಿಗೆ, ಮದುವೆಯಾಗದವರಿಗೆ. 1797ರಲ್ಲೇ ಎಸೆಕ್ಸ್ ಕೌಂಟಿಯಲ್ಲಿ ನ್ಯೂಅರ್ಕ್‌ನ ಜಾನ್ ಕಾಂಡಿಟ್ ಮತ್ತು ಎಲಿಜಬೆತ್‌ಟೌನ್‌ನ ವಿಲಿಯಂ ಕ್ರೇನ್ ನಡುವೆ ಸ್ಪರ್ಧೆ ನಡೆಯಿತು. ಎಲಿಜಬೆತ್‌ಟೌನ್‌ನ ಹೆಂಗಸರು ಬಂದು ಕ್ರೇನ್‌ಗೆ ಮತ ಹಾಕಿದರು. ಕಾಂಡಿಟ್ ಗೆದ್ದರೂ ಅಂತರ ಕಡಿಮೆ ಇತ್ತು.

ಆದರೆ ಕೋಷ್ಟಕದಲ್ಲಿ ಆ ಹೆಂಗಸರು ಕಾಣುವುದಿಲ್ಲ. ಅವರ ಮತ ಮೊತ್ತದೊಳಗೆ ಕರಗಿಹೋಗಿದೆ. ಇದು ಭಂಡಾರದ ತಪ್ಪಲ್ಲ. ಆಗಿನ ಪತ್ರಿಕೆಗಳು ಅಭ್ಯರ್ಥಿಯ ಹೆಸರು, ಮತ, ಇಷ್ಟನ್ನೇ ಅಚ್ಚು ಹಾಕುತ್ತಿದ್ದವು. ಯಾರು ಹಾಕಿದರು ಅಂತ ತಿಳಿಯಲು ಮತಗಟ್ಟೆಯಲ್ಲಿ ಬರೆದುಕೊಂಡ ಮತದಾರರ ಪಟ್ಟಿಯೇ ಬೇಕು.

ಅಂಥ ಪಟ್ಟಿಗಳು ಫಿಲಡೆಲ್ಫಿಯಾದ ಮ್ಯೂಸಿಯಂ ಆಫ್ ದಿ ಅಮೆರಿಕನ್ ರೆವಲ್ಯೂಷನ್‌ನ ಆನ್‌ಲೈನ್ ಪ್ರದರ್ಶನದಲ್ಲಿವೆ. ಅದಕ್ಕೂ ದುಡ್ಡಿಲ್ಲ. 1800ರಿಂದ 1807ರ ನಡುವಿನ ಪಟ್ಟಿಗಳಲ್ಲಿ 163 ಹೆಂಗಸರ ಹೆಸರು ಸಿಕ್ಕಿವೆ. ಸೊಮರ್ಸೆಟ್ ಕೌಂಟಿಯ ಮಾಂಟ್‌ಗೊಮರಿ ಟೌನ್‌ಶಿಪ್‌ನ 1801ರ ಪಟ್ಟಿಯಲ್ಲಿ 343 ಮತದಾರರು, ಅವರಲ್ಲಿ ಕನಿಷ್ಠ 46 ಹೆಂಗಸರು. ನೂರಕ್ಕೆ 13 ಮಂದಿ! ಒಂದು ಸ್ಥಾನದ ಸೋಲು ಗೆಲುವು ಬದಲಿಸಲು ಇಷ್ಟು ಸಾಕು. ಸ್ವತಂತ್ರ ಕಪ್ಪುಜನರೂ ಆಗ ಮತ ಹಾಕುತ್ತಿದ್ದರು.

ಇದು ನಿಂತದ್ದು 1807ರಲ್ಲಿ. ಕೋರ್ಟ್ ಕಟ್ಟಡ ನ್ಯೂಅರ್ಕ್‌ಗೋ ಎಲಿಜಬೆತ್‌ಟೌನ್‌ಗೋ ಅಂತ ಎಸೆಕ್ಸ್ ಕೌಂಟಿಯಲ್ಲಿ ಮತದಾನ ನಡೆದಾಗ ಎರಡೂ ಕಡೆ ಕಳ್ಳಮತ ಬಿದ್ದವು, ಫಲಿತಾಂಶ ರದ್ದಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಕಾನೂನು ಹೆಂಗಸರ ಮತ್ತು ಕಪ್ಪುಜನರ ಮತ ಕಿತ್ತುಕೊಂಡಿತು. ಅದೇ ಕಾನೂನು ತೆರಿಗೆ ಕಟ್ಟುವ ಬಿಳಿ ಗಂಡಸರಿಗೆ 50 ಪೌಂಡ್ ಆಸ್ತಿಯ ಷರತ್ತನ್ನು ಸಡಿಲ ಮಾಡಿತು. ಅಕ್ರಮ ಮಾಡಿದವರಲ್ಲಿ ಗಂಡಸರು ಬೇಕಾದಷ್ಟಿದ್ದರು, ಮತ ಕಳೆದುಕೊಂಡವರು ಬೇರೆಯವರು. ಇದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ಎರಡನ್ನೂ ಜೊತೆಗಿಟ್ಟುಕೊಂಡು ಬಳಸಿ ಅನ್ನುವುದೇ ನನ್ನ ಸಲಹೆ. ಮೊದಲು ಮ್ಯೂಸಿಯಂನ ಪಟ್ಟಿಯಲ್ಲಿ ಟೌನ್‌ಶಿಪ್, ವರ್ಷ ಗುರುತು ಹಾಕಿಕೊಳ್ಳಿ, ಆಮೇಲೆ ಅದೇ ವರ್ಷದ ಫಲಿತಾಂಶವನ್ನು ‘ಎ ನ್ಯೂ ನೇಶನ್ ವೋಟ್ಸ್’ನಲ್ಲಿ ತೆರೆಯಿರಿ. ಪತ್ರಿಕೆಗಳೇ ಉಳಿಯದ ಕಡೆ ಲೆಕ್ಕ ಅರ್ಧಂಬರ್ಧ ಇರುತ್ತದೆ, ಅಲ್ಲಿ ಶೇಕಡಾವಾರು ಹಾಕಲು ಹೋಗಬೇಡಿ. ಜಾಸ್ತಿ ಕೆಲಸ ಮಾಡುವವರು ಇಡೀ ರಾಜ್ಯದ ಅಂಕಿಗಳನ್ನು ಒಟ್ಟಿಗೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ದೊಡ್ಡ ಪರದೆಯಲ್ಲಿ ನೋಡಿ, ಅಭ್ಯರ್ಥಿಗಳು ಹೆಚ್ಚಿರುವ ಅಸೆಂಬ್ಲಿ ಕೋಷ್ಟಕಗಳು ತುಂಬಾ ಅಗಲ.