ಬಿತ್ತನೆ ಆಲೂಗಡ್ಡೆಯ ಸಿಪ್ಪೆ ರೋಗ ಮತ್ತು ಹಾಸನದ ಒಂದು ಶೀತಲಗೃಹ: ಎರಡು ಹಂಗಾಮಿನ ಅನುಭವ

ಹಾಸನದ ಹೊರವಲಯದ ಒಂದು ಶೀತಲಗೃಹದಲ್ಲಿ ಸತತ ಎರಡು ವರ್ಷ ಬಿತ್ತನೆ ಆಲೂಗಡ್ಡೆಯನ್ನು ಇರಿಸಿ, ಅದೇ ಗಡ್ಡೆಯನ್ನು ಮುಂಗಾರಿನಲ್ಲಿ ಬಿತ್ತಿ, ಬೆಳೆದು, ಕಿತ್ತು ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೋಲ್ಡ್ ಸ್ಟೋರೇಜ್ ಎಂದಕೂಡಲೇ ನಮ್ಮಲ್ಲಿ ಬೆಳೆಗಾರರು ಕೇಳುವುದು ಚೀಲಕ್ಕೆ ಬಾಡಿಗೆ ಎಷ್ಟು, ಕರೆಂಟ್ ಹೋದರೆ ಜನರೇಟರ್ ಇದೆಯೇ, ತೂಕದಲ್ಲಿ ಎಷ್ಟು ಕಳೆಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು. ಈ ಮೂರಕ್ಕೂ ಅಲ್ಲಿ ತೃಪ್ತಿಕರ ಉತ್ತರವಿದೆ. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಬರೆಯಬೇಕೆಂದಿರುವುದು ಯಾರೂ ಕೇಳದ ನಾಲ್ಕನೆಯ ಪ್ರಶ್ನೆಯ ಬಗ್ಗೆ: ಒಳಗೆ ಹೋದ ಗಡ್ಡೆಯ ಸಿಪ್ಪೆ ಹೊರಗೆ ಬರುವಾಗ ಹೇಗಿರುತ್ತದೆ, ಮತ್ತು ಆ ಸಿಪ್ಪೆಯ ಮೇಲೆ ಕುಳಿತಿರುವ ಶಿಲೀಂಧ್ರ ನಮ್ಮ ಹೊಲಕ್ಕೆ ಎಷ್ಟು ಬರುತ್ತದೆ.

ಆಲೂಗಡ್ಡೆ ಬೆಳೆಯುವವರಿಗೆ ರೋಗವೆಂದರೆ ಅಂಗಮಾರಿ. ಎರಡು ದಿನ ಮೋಡ ಕವಿದು ಜಡಿಮಳೆ ಹಿಡಿದರೆ ಹಸಿರು ಹೊಲ ಸುಟ್ಟಂತಾಗುವುದನ್ನು ಕಂಡವರಿಗೆ ಸಿಪ್ಪೆಯ ಮೇಲಿನ ಒಂದು ಕಪ್ಪು ಕಲೆ ದೊಡ್ಡದಾಗಿ ಕಾಣದಿರುವುದು ಸಹಜ. ಗಡ್ಡೆಯ ಒಳಗಿನ ತಿರುಳು ಚೆನ್ನಾಗಿಯೇ ಇರುತ್ತದೆ, ಸಿಪ್ಪೆ ತೆಗೆದರೆ ಪಲ್ಯಕ್ಕೆ ಯಾವ ತೊಂದರೆಯೂ ಇಲ್ಲ. ಆದರೆ ಅದೇ ಗಡ್ಡೆಯನ್ನು ಬೀಜವಾಗಿ ಮಣ್ಣಿಗೆ ಇಟ್ಟಾಗ ಲೆಕ್ಕ ಬದಲಾಗುತ್ತದೆ. ನಾವು ಐವರು ಬೆಳೆಗಾರರು ಸೇರಿ ಪಂಜಾಬಿನ ಜಲಂಧರದಿಂದ ಒಂದು ಲೋಡ್ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಗಡ್ಡೆ ತರಿಸಿದ ಮೊದಲ ವರ್ಷ ಬಹಳಷ್ಟು ಗಡ್ಡೆಗಳ ಮೇಲೆ ಒಣಗಿದ ಕಪ್ಪು ಮಣ್ಣಿನಂತಹ ಗಂಟುಗಳಿದ್ದವು. ಪಂಜಾಬಿನ ಮಣ್ಣು ಅಂಟಿಕೊಂಡಿದೆ ಎಂದೇ ನಾವೆಲ್ಲ ತಿಳಿದೆವು. ಒಂದು ಗಡ್ಡೆಯನ್ನು ನೀರಿನಲ್ಲಿ ಉಜ್ಜಿ ತೊಳೆದಾಗ ಮಣ್ಣು ಹೋಯಿತು, ಗಂಟು ಹೋಗಲಿಲ್ಲ. ಉಗುರಿನಿಂದ ಕೆರೆದರೆ ಮಾತ್ರ ಚಕ್ಕೆಯಾಗಿ ಎದ್ದಿತು. ಅದು ರೈಜೋಕ್ಟೋನಿಯಾ ಸೋಲಾನಿ ಎಂಬ ಶಿಲೀಂಧ್ರದ ಗಟ್ಟಿ ಗಂಟು. ಈ ರೋಗವನ್ನು ಇಲ್ಲಿ ಕಪ್ಪು ಹುರುಪು ಎಂದು ಕರೆಯುತ್ತೇನೆ.

ಈ ಗಂಟು ಶೀತಲಗೃಹದ ಚಳಿಯಲ್ಲಿ ಸಾಯುವುದಿಲ್ಲ. ಅದು ಮಲಗಿರುತ್ತದೆ, ಅಷ್ಟೆ. ಬಿತ್ತಿದ ಮೇಲೆ ಮಣ್ಣು ತಂಪಾಗಿ ಒದ್ದೆಯಾಗಿದ್ದು ಮೊಳಕೆ ನಿಧಾನವಾಗಿ ಏಳುತ್ತಿದ್ದರೆ, ಗಂಟಿನಿಂದ ಹೊರಟ ಎಳೆಗಳು ಮೊಳಕೆಯ ತುದಿಯನ್ನು ತಿನ್ನುತ್ತವೆ, ಮಣ್ಣಿನೊಳಗಿನ ಕಾಂಡದ ಮೇಲೆ ಕಂದು ಬಣ್ಣದ ಗುಳಿಬಿದ್ದ ಹುಣ್ಣು ಮಾಡುತ್ತವೆ. ಆ ವರ್ಷ ನನ್ನ ಹೊಲದಲ್ಲಿ ಸಾಲುಗಳ ನಡುವೆ ಅಲ್ಲಲ್ಲಿ ಖಾಲಿ ಬಿದ್ದದ್ದನ್ನು ಬೀಜ ಕೊಳೆತಿದೆ ಎಂದು ಭಾವಿಸಿ ಅಗೆದು ನೋಡಿದೆ. ಬೀಜ ಗಟ್ಟಿಯಾಗಿಯೇ ಇತ್ತು. ಮೊಳಕೆ ಮಾತ್ರ ತುದಿ ಸುಟ್ಟಂತಾಗಿ ಅರ್ಧಕ್ಕೆ ನಿಂತು, ಪಕ್ಕದಿಂದ ಇನ್ನೊಂದು ಸಣ್ಣ ಮೊಳಕೆ ಹೊರಡುತ್ತಿತ್ತು. ಎಕರೆಗೆ ಆರು ಕ್ವಿಂಟಲ್ ಬೀಜ ಹಾಕಿ, ಇಡೀ ಬೆಳೆಯ ಖರ್ಚಿನಲ್ಲಿ ದೊಡ್ಡ ಪಾಲನ್ನು ಬೀಜಕ್ಕೇ ಸುರಿಯುವ ನಮಗೆ ಇದು ಸಣ್ಣ ನಷ್ಟವಲ್ಲ.

ಇನ್ನು ಶೀತಲಗೃಹದ ವಿಚಾರ. ಲಾರಿಯಿಂದ ಇಳಿಸಿದ ಚೀಲಗಳನ್ನು ನೆರಳಿನ ಕಟ್ಟೆಯ ಮೇಲೆ ಸುರಿದು, ಕೊಳೆತದ್ದನ್ನು ಮತ್ತು ಪೆಟ್ಟು ಬಿದ್ದದ್ದನ್ನು ಬೇರ್ಪಡಿಸಲು ಅಲ್ಲಿ ವ್ಯವಸ್ಥೆಯಿದೆ, ಹಮಾಲರು ಅನುಭವಿಗಳು, ಚೀಲವನ್ನು ಎತ್ತಿ ಎಸೆಯುವುದಿಲ್ಲ. ಆರಿಸುವಾಗ ನಾವೇ ನಿಂತು ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ಕೇಳಿದವರಿಗೆ ಬೋರಿಕ್ ಆಮ್ಲದ ತೊಟ್ಟಿಯಲ್ಲಿ ಗಡ್ಡೆಯನ್ನು ಅದ್ದಿ ಕೊಡುವ ಸೌಲಭ್ಯವಿದೆ. ಸಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಶಿಫಾರಸು ಮಾಡುವ ಕ್ರಮವಿದು: 100 ಲೀಟರ್ ನೀರಿಗೆ 3 ಕಿಲೋ ಬೋರಿಕ್ ಆಮ್ಲ, ಶೀತಲಗೃಹಕ್ಕೆ ಸೇರಿಸುವ ಮೊದಲು ಇಡೀ ಗಡ್ಡೆಯನ್ನು ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಚೀಲಕ್ಕೆ ತುಂಬುವುದು. ಹಿಂದೆ ಈ ಕೆಲಸಕ್ಕೆ ಪಾದರಸದ ಔಷಧಗಳನ್ನು ಬಳಸುತ್ತಿದ್ದರು. ಅವುಗಳ ವಿಷವನ್ನು ನೆನೆದರೆ ಬೋರಿಕ್ ಆಮ್ಲ ಬಂದದ್ದು ಬೆಳೆಗಾರನಿಗೂ ಹಮಾಲನಿಗೂ ಆದ ದೊಡ್ಡ ಉಪಕಾರ ಎಂದು ನನಗೆ ಅನ್ನಿಸುತ್ತದೆ.

ಮೊದಲ ವರ್ಷ ಈ ಸೌಲಭ್ಯವಿರುವುದೇ ನಮಗೆ ಗೊತ್ತಿರಲಿಲ್ಲ. ಅಲ್ಲಿನವರು ತಾವಾಗಿ ಹೇಳಲೂ ಇಲ್ಲ. ಇದು ನನ್ನ ಮೊದಲ ಆಕ್ಷೇಪ. ಎರಡನೆಯ ವರ್ಷ ನಾವು ಕೇಳಿ ಮಾಡಿಸಿದಾಗ ಕೆಲವು ಕೊರತೆಗಳು ಕಂಡವು. ಬೋರಿಕ್ ಆಮ್ಲ ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ. ತೊಟ್ಟಿಗೆ ನೇರವಾಗಿ ಸುರಿದರೆ ತಳದಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ, ಮೇಲಿನ ನೀರಿನಲ್ಲಿ ಸತ್ವವೇ ಇರುವುದಿಲ್ಲ. ಮೊದಲು ಬಿಸಿನೀರಿನ ಬಕೆಟ್ಟಿನಲ್ಲಿ ಕದಡಿ ಆಮೇಲೆ ತೊಟ್ಟಿಗೆ ಸೇರಿಸಬೇಕೆಂದು ನಾವು ಪಟ್ಟು ಹಿಡಿಯಬೇಕಾಯಿತು. ಮಣ್ಣು ಮೆತ್ತಿದ ಗಡ್ಡೆಯನ್ನು ತೊಳೆಯದೆ ಅದ್ದುತ್ತಿದ್ದರು; ನಾಲ್ಕನೆಯ ಸರದಿಯ ಹೊತ್ತಿಗೆ ತೊಟ್ಟಿಯ ನೀರು ಕೆಸರಾಗಿತ್ತು. ವ್ಯವಸ್ಥಾಪಕರಿಗೆ ಹೇಳಿದ ಮೇಲೆ ಬೇಸರಿಸದೆ ಎರಡನ್ನೂ ಸರಿಪಡಿಸಿದರು ಎಂಬುದನ್ನು ಇಲ್ಲಿ ದಾಖಲಿಸಬೇಕು. ಅದ್ದುವ ಮುನ್ನ ಗಡ್ಡೆ ಮೊಳೆತಿರಬಾರದು, ಕತ್ತರಿಸಿದ ಹೋಳನ್ನಂತೂ ಈ ನೀರಿಗೆ ಹಾಕಲೇಬಾರದು. ಉಪಚರಿಸಿದ ಗಡ್ಡೆ ಉಳಿದರೆ ಅಡುಗೆಗಾಗಲಿ ದನಕ್ಕಾಗಲಿ ಕೊಡುವಂತಿಲ್ಲ. ಈ ಎಚ್ಚರಿಕೆಯನ್ನು ಚೀಲದ ಮೇಲೆ ಬರೆಯುವ ಪದ್ಧತಿ ಅಲ್ಲಿಲ್ಲ; ಆಗಲೇಬೇಕಾದ ಕೆಲಸ ಇದು.

ನನ್ನ ದೊಡ್ಡ ತಕರಾರು ಇರುವುದು ಒಣಗಿಸುವ ವಿಷಯದಲ್ಲಿ. ಅದ್ದಿದ ಗಡ್ಡೆಯನ್ನು ಹರಡಲು ಅಲ್ಲಿರುವ ಜಾಗ ಕಡಿಮೆ, ಹಿಂದೆ ಲಾರಿಗಳು ಕಾಯುತ್ತಿರುತ್ತವೆ, ಹೀಗಾಗಿ ಮೊದಲ ದಿನ ನಮ್ಮ ಕೆಲವು ಚೀಲಗಳನ್ನು ತೇವ ಆರುವ ಮೊದಲೇ ಕಟ್ಟಿ ಚೇಂಬರಿಗೆ ಸಾಗಿಸಿದರು. ಮೇ ತಿಂಗಳಲ್ಲಿ ತೆಗೆದಾಗ ಆ ಚೀಲಗಳ ಗಡ್ಡೆಯ ಮೇಲೆ ಕಪ್ಪು ಗಂಟು ಹೆಚ್ಚಿರಲಿಲ್ಲ, ಆದರೆ ಸಿಪ್ಪೆಯಲ್ಲಿ ಮಂಕು ಬೂದು ಬಣ್ಣದ ಮಚ್ಚೆಗಳಿದ್ದವು. ನೀರು ಚಿಮುಕಿಸಿ ಬಿಸಿಲಿಗೆ ಹಿಡಿದರೆ ಅವು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಇದು ಹೆಲ್ಮಿಂಥೋಸ್ಪೋರಿಯಂ ಸೋಲಾನಿ ಎಂಬ ಬೇರೆಯೇ ಶಿಲೀಂಧ್ರದ ಕೆಲಸ, ಬೆಳ್ಳಿ ಹುರುಪು. ಕಪ್ಪು ಹುರುಪು ಹುಟ್ಟುವುದೂ ಹೆಚ್ಚುವುದೂ ಹೊಲದಲ್ಲಿ. ಬೆಳ್ಳಿ ಹುರುಪು ಹೊಲದಲ್ಲಿ ಹತ್ತಿಕೊಂಡು ಗೋದಾಮಿನಲ್ಲಿ ಹರಡುತ್ತದೆ. ಉಷ್ಣತೆ 3 ಡಿಗ್ರಿ ಮೀರಿ, ಗಾಳಿಯ ತೇವ ಶೇ. 90 ದಾಟಿದರೆ ಅದು ಬೀಜಾಣು ಬಿಡುತ್ತದೆ, ಫ್ಯಾನಿನ ಗಾಳಿ ಅದನ್ನು ಒಂದು ಚೀಲದಿಂದ ಇನ್ನೊಂದಕ್ಕೆ ಹಂಚುತ್ತದೆ. ಹಾಗೆಂದು ತೇವವನ್ನು ತೀರ ಇಳಿಸುವಂತೆಯೂ ಇಲ್ಲ, ಗಡ್ಡೆ ಸುಕ್ಕುಗಟ್ಟುತ್ತದೆ. ಬೆಳ್ಳಿ ಹುರುಪು ತಗುಲಿದ ಸಿಪ್ಪೆಯಂತೂ ನೀರು ಹಿಡಿದಿಡಲಾರದೆ ಬಾಡುವುದರಲ್ಲಿ ಎಲ್ಲಕ್ಕಿಂತ ಮುಂದು. ಆದ್ದರಿಂದ ಶೀತಲಗೃಹದವರು ನೋಡಿಕೊಳ್ಳಬೇಕಾದದ್ದು ಗಡ್ಡೆಯ ಮೇಲೆ ನೀರಿನ ಪೊರೆ ನಿಲ್ಲದ ಹಾಗೆ: ಒಣಗಿದ್ದನ್ನು ಮಾತ್ರ ಒಳಗೆ ಬಿಡುವುದು, ಚೀಲಗಳ ಸಾಲುಗಳ ನಡುವೆ ಮತ್ತು ಗೋಡೆಗೆ ಗಾಳಿಯಾಡುವಷ್ಟು ಅಂತರ ಕೊಡುವುದು, ಉಷ್ಣತೆಯನ್ನು 2ರಿಂದ 4 ಡಿಗ್ರಿಯ ನಡುವೆ ಏರಿಳಿತವಿಲ್ಲದೆ ಕಾಯುವುದು.

ಉಷ್ಣತೆಯ ವಿಷಯದಲ್ಲಿ ಅವರನ್ನು ಮನಸಾರೆ ಮೆಚ್ಚುತ್ತೇನೆ. ನಾನು ಹೋದಾಗಲೆಲ್ಲ ಮಾಪಕ ಸರಿಯಾದ ಅಂಕಿಯನ್ನೇ ತೋರಿಸುತ್ತಿತ್ತು, ದಿನಚರಿ ಪುಸ್ತಕದಲ್ಲಿ ಹೊತ್ತು ಹೊತ್ತಿಗೆ ಬರೆದಿಟ್ಟಿದ್ದರು. ತೇವದ ಮಾಪಕ ಮಾತ್ರ ಎಲ್ಲಿಯೂ ಕಾಣಲಿಲ್ಲ. ಊಟದ ಆಲೂಗಡ್ಡೆಯನ್ನು ಬೇರೆ ಚೇಂಬರಿನಲ್ಲಿ ಇಡುವುದು ಇನ್ನೊಂದು ಒಳ್ಳೆಯ ಅಂಶ. ಅಡುಗೆಯ ಆಲೂಗಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿಟ್ಟು ಮೊಳೆಯದಂತೆ ಸಿಐಪಿಸಿ ಎಂಬ ಔಷಧದ ಹೊಗೆ ಹಾಕುವುದುಂಟು. ಅದರ ಶೇಷವಿರುವ ಕೋಣೆಯಲ್ಲಿ ಬೀಜ ಇಟ್ಟರೆ ರೋಗದ ಮಾತು ಹಾಗಿರಲಿ, ಮೊಳಕೆಯೇ ಸರಿಯಾಗಿ ಏಳುವುದಿಲ್ಲ. ಬೀಜ ಇಡುವವರು ಯಾವ ಶೀತಲಗೃಹಕ್ಕೆ ಹೋದರೂ ಈ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು.

ಹೊರಗೆ ತೆಗೆಯುವ ದಿನ ಇನ್ನೊಂದು ಎಡವಟ್ಟು ಆಗುತ್ತದೆ. ಬೇಸಿಗೆಯ ಬಿಸಿಗಾಳಿಗೆ ತಂದೊಡನೆ ತಣ್ಣನೆಯ ಗಡ್ಡೆ ಬೆವರುತ್ತದೆ. ಆ ಬೆವರಿನಲ್ಲೇ ಚೀಲಗಳನ್ನು ಒತ್ತೊತ್ತಾಗಿ ಟೆಂಪೋಗೆ ತುಂಬಿ ಮೇಲೆ ಟಾರ್ಪಾಲು ಬಿಗಿದರೆ ಕೊಳೆರೋಗಕ್ಕೂ ಹುರುಪಿಗೂ ನಾವೇ ದಾರಿ ಮಾಡಿಕೊಟ್ಟಂತೆ. ಅಲ್ಲಿ ಹೊರಕೋಣೆಯಲ್ಲಿ ಒಂದು ದಿನ ಇಟ್ಟು ಕೊಡುತ್ತಾರೆ, ಮೊದಲೇ ತಿಳಿಸಿದ್ದರೆ ಮಾತ್ರ. ನಾನು ಮನೆಗೆ ತಂದು ಕೊಟ್ಟಿಗೆಯ ಪಕ್ಕದ ನೆರಳಿನಲ್ಲಿ ತೆಳುವಾಗಿ ಹರಡಿ, ಹತ್ತು ಹನ್ನೆರಡು ದಿನದಲ್ಲಿ ಮೊಳಕೆ ಗಿಡ್ಡವಾಗಿ ದಪ್ಪವಾಗಿ ಬಂದ ಮೇಲೆ ಬಿತ್ತಿದೆ. ಮೊಳಕೆ ಬಂದ ಬೀಜ ಬೇಗ ಮೇಲೇಳುತ್ತದೆ, ರೈಜೋಕ್ಟೋನಿಯಾಕ್ಕೆ ಸಿಗುವ ಅವಕಾಶ ಅಷ್ಟು ಕಡಿಮೆಯಾಗುತ್ತದೆ. ಆ ಎರಡನೆಯ ವರ್ಷ ಸಾಲಿನಲ್ಲಿ ಖಾಲಿ ಬಿದ್ದ ಜಾಗಗಳು ಹುಡುಕಿದರೆ ಮಾತ್ರ ಕಾಣುವಷ್ಟು ಕಡಿಮೆಯಿದ್ದವು. ಕಪ್ಪು ಹುರುಪಿನ ಮಟ್ಟಿಗೆ ಬೋರಿಕ್ ಆಮ್ಲಕ್ಕೆ ಕೊಟ್ಟ ಹಣ ದಕ್ಕಿತು ಎಂದು ಧೈರ್ಯವಾಗಿ ಹೇಳುತ್ತೇನೆ. ಬೆಳ್ಳಿ ಹುರುಪಿನ ಮೇಲೆ ನನ್ನ ಗಡ್ಡೆಗಳಲ್ಲಿ ಅದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಒಣಗಿಸುವಿಕೆಯೇ: ಚೆನ್ನಾಗಿ ಆರಿದ ಮೇಲೆ ಕಟ್ಟಿದ ಚೀಲಗಳ ಗಡ್ಡೆ ಬಹುಪಾಲು ಶುದ್ಧವಾಗಿ ಬಂದಿತ್ತು. ಬಿತ್ತುವ ಹೊತ್ತಿನಲ್ಲಿ ಉಪಚರಿಸಲು ಪೆನ್ಸಿಕ್ಯುರಾನ್, ಪೆನ್‌ಫ್ಲುಫೆನ್‌ನಂತಹ ಔಷಧಗಳೂ ಇವೆ. ಅವುಗಳ ಪ್ರಮಾಣವನ್ನು ಡಬ್ಬಿಯ ಮೇಲಿನ ಚೀಟಿ ನೋಡಿಯೇ ಬಳಸಬೇಕು, ಅಂಗಡಿಯವರ ಬಾಯಿಮಾತನ್ನು ನಂಬಿ ಅಲ್ಲ.

ಸಿಪ್ಪೆಯ ಮೇಲೆ ಕಾಣುವುದೆಲ್ಲ ಶಿಲೀಂಧ್ರವೂ ಅಲ್ಲ. ಬೆಂಡಿನಂತೆ ಒರಟಾಗಿ ಬಿರಿದ ಸಾಮಾನ್ಯ ಕಜ್ಜಿ ರೋಗ ಸ್ಟ್ರೆಪ್ಟೋಮೈಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಗಡ್ಡೆ ಕಟ್ಟುವ ಹೊತ್ತಿನಲ್ಲಿ ಮಣ್ಣು ಒಣಗಿದರೆ ಹೆಚ್ಚುತ್ತದೆ. ಬೆಳ್ಳಿ ಹುರುಪಿನಂತೆಯೇ ಕಾಣುವ ಮಚ್ಚೆಯೊಳಗೆ ಭೂತಗನ್ನಡಿಯಲ್ಲಿ ಸೂಜಿಮೊನೆಯಷ್ಟು ಕರಿಚುಕ್ಕೆಗಳಿದ್ದರೆ ಅದು ಕೊಲೆಟೋಟ್ರೈಕಂ ಕೊಕೋಡಿಸ್, ಟೊಮೆಟೊ ಗಿಡದ ಬೇರಿಗೂ ಹತ್ತುವ ಶಿಲೀಂಧ್ರ. ಒಂದು ಭೂತಗನ್ನಡಿ ಮತ್ತು ಒಂದು ಬಕೆಟ್ ನೀರು ಇದ್ದರೆ ಆರಿಸುವ ಕಟ್ಟೆಯ ಮೇಲೇ ಇವನ್ನೆಲ್ಲ ಗುರುತಿಸಬಹುದು. ಅಲ್ಲಿ ಎರಡೂ ಇರಲಿಲ್ಲ, ನಾನು ಮನೆಯಿಂದ ಒಯ್ದೆ.

ಶೀತಲಗೃಹದ ಮೇಲೆ ಹೊರಿಸಲಾಗದ ಪಾಲು ನಮ್ಮದೂ ಇದೆ. ಗಿಡ ಒಣಗಿದ ಮೇಲೆ ಬೆಲೆ ಏರಲಿ ಎಂದು ಗಡ್ಡೆಯನ್ನು ಮಣ್ಣಿನಲ್ಲೇ ವಾರಗಟ್ಟಲೆ ಬಿಟ್ಟರೆ ಕಪ್ಪು ಗಂಟು ಕಟ್ಟುವುದೇ ಆ ದಿನಗಳಲ್ಲಿ. ಸಿಪ್ಪೆ ಗಟ್ಟಿಯಾದ ಕೂಡಲೇ ಕೀಳಬೇಕು. ಹಾಗೆಯೇ ಒಂದೇ ಹೊಲದಲ್ಲಿ ವರ್ಷ ವರ್ಷವೂ ಆಲೂಗಡ್ಡೆ ಹಾಕದೆ ನಡುವೆ ರಾಗಿಯೋ ಜೋಳವೋ ಬೆಳೆಯಬೇಕು. ನಾನು ಮೂರು ಎಕರೆಯನ್ನು ಮೂರು ಭಾಗ ಮಾಡಿ ಸುತ್ತುಸರದಿ ಆರಂಭಿಸಿದ್ದೇನೆ.

ಬರುವ ಹಂಗಾಮಿಗೂ ಅದೇ ಶೀತಲಗೃಹದಲ್ಲಿ ಜಾಗ ಕಾದಿರಿಸಿದ್ದೇವೆ, ಆದರೆ ಎರಡು ಕರಾರಿನೊಂದಿಗೆ. ನಮ್ಮ ಲೋಡ್ ಬಂದ ದಿನ ಒಣಗಿಸುವ ಕಟ್ಟೆಯನ್ನು ಸಂಜೆಯವರೆಗೆ ನಮಗೇ ಬಿಡಬೇಕು, ಮತ್ತು ನಮ್ಮಲ್ಲಿ ಒಬ್ಬರು ಕೈಯಾಡಿಸಿ ತೇವವಿಲ್ಲವೆಂದು ಹೇಳುವ ತನಕ ಒಂದು ಚೀಲವನ್ನೂ ಹೊಲಿಯಬಾರದು. ವ್ಯವಸ್ಥಾಪಕರು ಎರಡಕ್ಕೂ ಒಪ್ಪಿದ್ದಾರೆ. ತೇವದ ಮಾಪಕವನ್ನು ಮಾತ್ರ ಮಾಲೀಕರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.