ಹಳೇ ವಿಲ್ಲೀಸ್ ವ್ಯಾಗನ್ನಿಗೆ ಬಿಡಿ ಸಾಮಾನು: ಜೆ.ಸಿ. ರೋಡ್, ತೋಟದ ಶೆಡ್, ಅಮೆರಿಕ, ಲೇತ್ — ನಾಲ್ಕನ್ನೂ ಹಾಕಿ ನೋಡಿದೆ

ನಮ್ಮ ವ್ಯಾಗನ್ನಿನ ವೈಪರ್ ಏರು ಬಂದ ಕೂಡಲೇ ನಿಲ್ಲುತ್ತಿತ್ತು. ಕೆಟ್ಟಿರಲಿಲ್ಲ, ಅದನ್ನು ಮಾಡಿದ್ದೇ ಹಾಗೆ. ಹಳೇ ವಿಲ್ಲೀಸ್ (ಜೀಪ್ ಮಾಡುತ್ತಿದ್ದ ಅಮೆರಿಕದ ಕಂಪನಿ) ಗಾಡಿಗಳಲ್ಲಿ ವೈಪರ್ ಆಡುವುದು ಕರೆಂಟಿನಿಂದಲ್ಲ, ಇಂಜಿನ್ನಿನ ಗಾಳಿ ಸೆಳೆತದಿಂದ. ಆಕ್ಸಿಲರೇಟರ್ ಒತ್ತಿದಷ್ಟೂ ಆ ಸೆಳೆತ ಕಡಿಮೆಯಾಗುತ್ತದೆ. ಕುಶಾಲನಗರದಿಂದ ಮಡಿಕೇರಿಗೆ ಬರುವಾಗ ಬೋಯಿಕೇರಿ ದಾಟಿದ ಮೇಲಿನ ಏರಿನಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಕಾಲು ಪೂರ್ತಿ ಆಕ್ಸಿಲರೇಟರ್ ಮೇಲಿರುವಾಗ ವೈಪರ್ ಗಾಜಿನ ನಡುವೆ ನಿಂತುಬಿಟ್ಟರೆ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಯಾವ ಸಾಮಾನನ್ನು ಎಲ್ಲಿಂದ ತರಬೇಕು ಅನ್ನುವ ನನ್ನ ಲೆಕ್ಕವೆಲ್ಲ ಅಲ್ಲಿಂದಲೇ ಶುರುವಾಯಿತು. ಗಾಡಿ ನೋಡಲು ಹೇಗಿರಬೇಕು ಅನ್ನುವುದು ಆಮೇಲೆ, ಮೊದಲು ಅದು ನಮ್ಮ ಮಳೆಗೆ ನಿಲ್ಲಬೇಕು.

ಗಾಡಿ ನಮ್ಮ ಅಜ್ಜನ ಕಾಲದ್ದು, ಆರ್‌ಸಿ ಪುಸ್ತಕದಲ್ಲಿ 1958 ಅಂತ ಇದೆ. ಮುಂದೆ ಎರಡು ತುಂಡಿನ ಗಾಜು, ಹಿಂದೆ ಮೇಲಕ್ಕೊಂದು ಕೆಳಕ್ಕೊಂದು ತೆರೆಯುವ ಬಾಗಿಲು, ಫೋರ್ ವೀಲ್ ಡ್ರೈವ್. ವರ್ಷಗಟ್ಟಲೆ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. 2021ರಲ್ಲಿ ಹೊರಗೆ ಎಳೆದಾಗ ತಳ ಕೈಗೆ ಪುಡಿಪುಡಿಯಾಗಿ ಬಂತು. ಈ ಮಾಡೆಲ್ 1946ರಲ್ಲಿ ಅಮೆರಿಕದಲ್ಲಿ ಬಂದದ್ದು, ವಿನ್ಯಾಸ ಬ್ರೂಕ್ಸ್ ಸ್ಟೀವನ್ಸ್ ಅವರದ್ದು. ಅಲ್ಲಿಯವರೆಗೆ ಸ್ಟೇಷನ್ ವ್ಯಾಗನ್ ಅಂದರೆ ಹೆಚ್ಚಾಗಿ ಹಿಂಭಾಗ ಮರದ್ದೇ. ಪೂರ್ತಿ ಉಕ್ಕಿನ ಬಾಡಿ ಇಟ್ಟು ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ವ್ಯಾಗನ್ ಇದು. ಮರ ಆಗಿದ್ದರೆ ನಮ್ಮ ಗೆದ್ದಲು ಏನೂ ಉಳಿಸುತ್ತಿರಲಿಲ್ಲ.

ಸಾಮಾನಿಗೆ ನಾಲ್ಕು ದಾರಿ ಇತ್ತು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗುವ ಹೊಸ ಲೋಕಲ್ ಸಾಮಾನು. ಕೊಡಗಿನ ತೋಟಗಳ ಶೆಡ್ಡುಗಳಲ್ಲಿ ಮತ್ತು ಗುಜರಿಯಲ್ಲಿ ಬಿದ್ದಿರುವ ಹಳೇ ಸಾಮಾನು. ಅಮೆರಿಕದಿಂದ ತರಿಸುವುದು. ಇಲ್ಲವೇ ಲೇತಿನಲ್ಲಿ, ಟಿಂಕರ್ ಹತ್ತಿರ ಮಾಡಿಸುವುದು. ನಾನು ನಾಲ್ಕೂ ಮಾಡಿದ್ದೇನೆ, ಒಂದೇ ಸಾಮಾನಿಗೆ ಎರಡೆರಡು ಸಲ ದುಡ್ಡು ಕೊಟ್ಟಿದ್ದೂ ಇದೆ.

ವೈಪರ್ ಮುಗಿಸಿಬಿಡುತ್ತೇನೆ. ಮೊದಲು ಅಮೆರಿಕದಿಂದ ರಿಪೇರಿ ಕಿಟ್ ತರಿಸಿ ಹಳೇ ವ್ಯಾಕ್ಯೂಮ್ ಮೋಟಾರನ್ನೇ ಸರಿಮಾಡಿಸಿದೆ. ಇಂಜಿನ್ನಿನ ಪೆಟ್ರೋಲ್ ಪಂಪಿನ ಮೇಲಿರುವ ಸಣ್ಣ ವ್ಯಾಕ್ಯೂಮ್ ಪಂಪಿನ ಡಯಾಫ್ರಮ್ಮನ್ನೂ ಬದಲಿಸಿದೆ, ಏರಿನಲ್ಲಿ ಸೆಳೆತಕ್ಕೆ ಸಹಾಯ ಆಗಲಿ ಅಂತಲೇ ಅದನ್ನು ಇಟ್ಟಿರುವುದು. ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡಿತು. ಏರಿನಲ್ಲಿ ಪೂರ್ತಿ ನಿಲ್ಲುವುದು ತಪ್ಪಿತು, ಆದರೆ ಮೂರು ಉಸಿರಿಗೆ ಒಂದು ಸಲ ಆಡುವ ವೈಪರ್ ಇಟ್ಟುಕೊಂಡು ಇಲ್ಲಿನ ಮಳೆಯಲ್ಲಿ ಏನು ಮಾಡುವುದು? ಆಮೇಲೆ ಜೆ.ಸಿ. ರೋಡಿನಿಂದ ಜೀಪಿನ 12 ವೋಲ್ಟ್ ಮೋಟಾರ್ ತಂದು, ಲೇತಿನಲ್ಲಿ ಒಂದು ಪಟ್ಟಿ ಮಾಡಿಸಿ ಕೂರಿಸಿದೆ. ಹೊಸ ತೂತು ಒಂದೂ ಕೊರೆದಿಲ್ಲ. ಹಳೇ ಮೋಟಾರನ್ನು ಗ್ರೀಸ್ ಹಚ್ಚಿ, ಬಟ್ಟೆ ಸುತ್ತಿ ಎತ್ತಿಟ್ಟಿದ್ದೇನೆ, ಯಾವಾಗ ಬೇಕಾದರೂ ವಾಪಸ್ ಹಾಕಬಹುದು. ಈ ಒಂದು ವಿಷಯದಲ್ಲಿ ನಾನು ಒರಿಜಿನಲ್ ಪರ ಇಲ್ಲ.

ಇನ್ನು ಇಂಜಿನ್. ಇದರಲ್ಲಿರುವುದು ನಾಲ್ಕು ಸಿಲಿಂಡರಿನ, 2.2 ಲೀಟರಿನ ಎಫ್-ಹೆಡ್ ಹರಿಕೇನ್. ಇನ್‌ಟೇಕ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಮಹೀಂದ್ರ ಜೀಪುಗಳಿಗೆ ಇಲ್ಲಿ ಬಹಳ ವರ್ಷ ಇದೇ ಇಂಜಿನ್ ಬಂತು, ಹಾಗಾಗಿ ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಪ್ಯಾಕಿಂಗ್ ಎಲ್ಲ ನಮ್ಮ ದೇಶದಲ್ಲೇ ಸಿಗುತ್ತವೆ. ನಮ್ಮ ಜಿಲ್ಲೆಗೆ ಇನ್ನೊಂದು ಅನುಕೂಲವೂ ಇದೆ. ಪೆಟ್ರೋಲ್ ದುಬಾರಿ ಅಂತ ತೋಟದವರು ಎಷ್ಟೋ ಜೀಪುಗಳಿಗೆ ಡೀಸೆಲ್ ಇಂಜಿನ್ ಹಾಕಿಸಿದರು. ಆಗ ಬಿಚ್ಚಿದ ಪೆಟ್ರೋಲ್ ಇಂಜಿನ್ನುಗಳು ಎಲ್ಲಿಗೆ ಹೋದವು? ಕೆಲವು ಗುಜರಿಗೆ, ಇನ್ನು ಕೆಲವು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಮೂಲೆಗೆ, ಗೋಣಿಚೀಲದ ಅಡಿಗೆ. ಸಿದ್ದಾಪುರದ ಕಡೆ ಒಂದು ತೋಟದಲ್ಲಿ ಪೂರ್ತಿ ಇಂಜಿನ್, ಗೇರ್ ಬಾಕ್ಸ್ ಸಮೇತ ಸಿಕ್ಕಿತು. ಅದು ಆನ್‌ಲೈನಿನಲ್ಲಿ ಹುಡುಕಿ ಸಿಕ್ಕಿದ್ದಲ್ಲ. ಪುತ್ತರಿ ಊಟಕ್ಕೆ ಹೋದಲ್ಲಿ ಮಾವ ಒಬ್ಬರು "ನಮ್ಮ ಶೆಡ್ಡಿನಲ್ಲಿ ಅಂಥದ್ದೇನೋ ಬಿದ್ದಿದೆ, ಬಂದು ನೋಡು" ಅಂದರು, ಅಷ್ಟೇ.

ಗೇರಿನ ವಿಷಯದಲ್ಲಿ ಹೋಲಿಸಿ ನೋಡಲು ನೇರವಾಗಿ ಅವಕಾಶ ಸಿಕ್ಕಿತು. ನಮ್ಮ ಟಿ-90 ಗೇರ್ ಬಾಕ್ಸಿನಲ್ಲಿ ಎರಡನೇ ಗೇರ್ ಇಳಿಜಾರಿನಲ್ಲಿ ತಾನೇ ಹಾರಿ ನ್ಯೂಟ್ರಲ್ಲಿಗೆ ಬರುತ್ತಿತ್ತು. ಹೊಸ ಗೇರ್ ಸೆಟ್ ತಂದು ಹಾಕಿಸಿದೆ. ಎಂಟು ತಿಂಗಳಲ್ಲಿ ಮತ್ತೆ ಹಾರತೊಡಗಿತು, ಬಿಚ್ಚಿದರೆ ಹಲ್ಲಿನ ಅಂಚು ದುಂಡಗಾಗಿತ್ತು. ಸಿದ್ದಾಪುರದ ಬಾಕ್ಸಿನಲ್ಲಿದ್ದ ಹಳೇ ಗೇರ್ ಹಾಕಿದೆವು. ಎರಡು ಮಳೆಗಾಲ ಕಳೆದಿವೆ, ಹಾರಿಲ್ಲ. ನಮ್ಮ ಗಾಡಿ ನೋಡುವ ಕಾಕ ನಲವತ್ತು ವರ್ಷದಿಂದ ಜೀಪು ಬಿಚ್ಚಿದವರು. ಅವರು ಹೇಳಿದ್ದು ಇಷ್ಟೇ: "ಹೊಸದು ಅಂತ ಹಳೇದನ್ನು ಬಿಸಾಡಬೇಡಿ. ಎರಡನ್ನೂ ಅರ ಹಾಕಿ ಉಜ್ಜಿ ನೋಡಿ." ಅರ ಹಳೇ ಗೇರಿನ ಹಲ್ಲಿನ ಮೇಲೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಹೊಸದರ ಮೇಲೆ ಕಚ್ಚಿತು. ಉಕ್ಕಿಗೆ ಕೊಟ್ಟ ಹದದಲ್ಲೇ ವ್ಯತ್ಯಾಸ ಅಂತ ಅಂದೇ ಗೊತ್ತಾಯಿತು. ಎಲ್ಲ ಹೊಸ ಗೇರೂ ಹೀಗೇ ಅಂತ ನಾನು ಹೇಳುತ್ತಿಲ್ಲ, ಒಳ್ಳೆಯದೂ ಇರುತ್ತವೆ. ಆದರೆ ಕೊಳ್ಳುವಾಗ ಜೇಬಿನಲ್ಲಿ ಒಂದು ಸಣ್ಣ ಅರ ಇರಲಿ.

ಪ್ಯಾಕಿಂಗ್, ಬೇರಿಂಗ್, ಕ್ಲಚ್ ಪ್ಲೇಟ್, ಪಾಯಿಂಟು, ಕಂಡೆನ್ಸರ್ ಇವಕ್ಕೆಲ್ಲ ಜೆ.ಸಿ. ರೋಡ್ ಸಾಕು. ಬೆಳಿಗ್ಗೆ ಫೋನ್ ಮಾಡಿದರೆ ಮಾರನೇ ದಿನ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದುಬಿಡುತ್ತದೆ.

ಬ್ರೇಕಿನಲ್ಲಿ ಮಾತ್ರ ನಾನು ದೊಡ್ಡ ತಪ್ಪು ಮಾಡಿದೆ. ಬೇರೆಯವರು ಮಾಡಬಾರದು ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಇಂಜಿನ್ ಜೀಪಿನದ್ದೇ, ಗೇರ್ ಬಾಕ್ಸ್ ಜೀಪಿನದ್ದೇ, ಹಾಗಾದರೆ ಬ್ರೇಕೂ ಅದೇ ಅಲ್ವಾ ಅಂದುಕೊಂಡು ಅಳತೆ ನೋಡದೆ ನಾಲ್ಕು ಗಾಲಿಗೂ ಬ್ರೇಕ್ ಶೂ ತರಿಸಿದೆ. ಸಣ್ಣ ಜೀಪಿನ ಡ್ರಮ್ 9 ಇಂಚು, ನಮ್ಮದು 11. ಒಂದೂ ಕೂರಲಿಲ್ಲ. ವ್ಯಾಗನ್ ಉದ್ದದ ಗಾಡಿ, ಎರಡು ಆಕ್ಸಲ್ ನಡುವೆ ಸುಮಾರು 104 ಇಂಚು ಇದೆ, ಸಣ್ಣ ಜೀಪಿನಲ್ಲಿ 80. ಭಾರವೂ ಜಾಸ್ತಿ. ಹಿಂದಿನ ಪ್ರೊಪೆಲ್ಲರ್ ಶಾಫ್ಟು, ಪ್ಲೇಟ್ ಕಟ್ಟು (ಲೀಫ್ ಸ್ಪ್ರಿಂಗ್), ಬ್ರೇಕು ಇವೆಲ್ಲ ಬೇರೆಯೇ. ಕೊನೆಗೆ ನಮ್ಮ ಹಳೇ ಶೂಗಳಿಗೇ ಮೈಸೂರಿನಲ್ಲಿ ಹೊಸ ಲೈನಿಂಗ್ ರಿವೆಟ್ ಹೊಡೆಸಿ, ಡ್ರಮ್ಮಿನ ಸುತ್ತಿಗೆ ಸರಿಯಾಗಿ ಉಜ್ಜಿಸಿ ಹಾಕಿದೆ. ಪೂರ್ತಿ ಮುಖ ತಾಗುತ್ತದೆ, ಗಾಡಿ ಒಂದು ಕಡೆಗೆ ಎಳೆಯುವುದಿಲ್ಲ.

ಗಾಲಿಯೊಳಗೆ ಬ್ರೇಕ್ ಶೂವನ್ನು ತಳ್ಳುವ ವೀಲ್ ಸಿಲಿಂಡರಿನಲ್ಲಿ ಎರಡು ಬಗೆ ಮಾಡಿ ನೋಡಿದೆ. ಮುಂದಿನ ಗಾಲಿಗಳಿಗೆ ಅಮೆರಿಕದಿಂದ ತರಿಸಿದ ಹೊಸ ಸಿಲಿಂಡರ್. ಹಿಂದಿನವಕ್ಕೆ ಹಳೇ ಸಿಲಿಂಡರನ್ನೇ ಕೊರೆಸಿ, ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಹಾಕಿಸಿದ್ದು. ಒಂದೂವರೆ ವರ್ಷದ ನಂತರ ನಾಲ್ಕನ್ನೂ ಬಿಚ್ಚಿದೆವು. ಮುಂದಿನ ಎರಡರಲ್ಲೂ ಒಳಗೆ ತುಕ್ಕಿನ ಸಣ್ಣ ಗುಳಿ ಕಾಣಿಸಿಕೊಂಡಿತ್ತು, ಕಪ್ ರಬ್ಬರು ಸವೆಯಲು ಶುರುವಾಗಿತ್ತು. ಹಿಂದಿನವು ಕನ್ನಡಿಯ ಹಾಗಿದ್ದವು. ಇದು ಸಾಮಾನಿನ ತಪ್ಪಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಬೀಡು ಕಬ್ಬಿಣದ ಸಿಲಿಂಡರು ಆ ನೀರಿಗೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುವ ಊರು ನಮ್ಮದು, ಬ್ರೇಕ್ ಎಣ್ಣೆ ಒಣಗಿರಲಿ ಅಂದರೆ ಆಗುತ್ತದೆಯೇ? ಈಗ ಮುಂದಿನವಕ್ಕೂ ಸ್ಲೀವ್ ಹಾಕಿಸಿದ್ದೇನೆ, ಎಣ್ಣೆಯನ್ನು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸುತ್ತೇನೆ. ಸ್ಲೀವಿಗೆ ಆದ ಖರ್ಚು ಅಮೆರಿಕದ ಸಿಲಿಂಡರಿನ ಖರ್ಚಿನ ಅರ್ಧವೂ ಇಲ್ಲ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ. ಹಾಗೆಯೇ ಒಂದು ಮಾತು: ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರಿನ ಕಾಲಡಿ, ತಳದ ಕೆಳಗೆ. ಕೆಸರು ನೀರೆಲ್ಲ ಅದಕ್ಕೇ ಹೊಡೆಯುತ್ತದೆ. ಅದರ ಮುಚ್ಚಳದ ವಾಷರನ್ನು ಮರೆಯಬೇಡಿ.

ಅಮೆರಿಕದಿಂದ ತರಿಸುವಾಗ ಇನ್ನೊಂದು ಎಚ್ಚರ ಬೇಕು. ಅವರದು ಎಡಗಡೆ ಸ್ಟೇರಿಂಗ್, ನಮ್ಮದು ಬಲಗಡೆ. ಸ್ಟೇರಿಂಗ್ ರಾಡುಗಳು, ಪೆಡಲಿನ ಜೋಡಣೆ ಇವೆಲ್ಲ ಹೊಂದುವುದಿಲ್ಲ. ಆರ್ಡರ್ ಮಾಡುವ ಮುಂಚೆ ಫೋಟೋ ನೋಡಿದರೆ ಸಾಲದು, ಎಡಬಲ ಕೇಳಿ. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ನನಗೆ ಪ್ರತಿ ಸಲವೂ ಸಾಮಾನಿನ ಬೆಲೆಯ ಹತ್ತಿರ ಹತ್ತಿರ ಎರಡರಷ್ಟು ಆಗಿದೆ.

ಆದರೂ ರಬ್ಬರಿಗೆ ನಾನು ಅಲ್ಲಿಗೇ ಹೋಗುತ್ತೇನೆ. ಗಾಜಿನ ಸುತ್ತಲಿನ ಬೀಡಿಂಗಿಗೆ ಮೊದಲು ಇಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಲಾರಿ ಬೀಡಿಂಗ್ ಹಾಕಿದೆ. ನೋಡಲು ಪರವಾಗಿಲ್ಲ, ಆದರೆ ಮೂಲೆಗಳಲ್ಲಿ ಮಡಿಚಿಕೊಂಡು ಸಂದು ಬಿಟ್ಟಿತು. ಮೊದಲ ಮಳೆಗೇ ಡ್ಯಾಶ್‌ಬೋರ್ಡಿನ ಹಿಂದೆ ನೀರು ಇಳಿಯಿತು, ಹೊಸದಾಗಿ ಎಳೆದ ವೈರಿಂಗ್ ನೆನೆಯಿತು. ಅಂಟು ಹಾಕಿದೆ, ಸಿಲಿಕೋನ್ ಹಾಕಿದೆ, ನಿಲ್ಲಲಿಲ್ಲ. ಅಮೆರಿಕದ್ದು ಈ ಗಾಡಿಗೇ ಅಂತ ಅಚ್ಚಿನಲ್ಲಿ ಮಾಡಿದ್ದು, ಮೂಲೆ ತಿರುವು ಸರಿಯಾಗಿ ಇರುತ್ತದೆ. ಹಾಕಿದ ಮೇಲೆ ಹನಿ ನೀರು ಬಂದಿಲ್ಲ. ಗಾಜು ಮಾತ್ರ ಇಲ್ಲಿಯದ್ದೇ. ಎರಡು ತುಂಡೂ ಚಪ್ಪಟೆ ಗಾಜು, ಬಾಗು ಇಲ್ಲ. ರಟ್ಟಿನಲ್ಲಿ ಅಳತೆ ಕತ್ತರಿಸಿ ಮೈಸೂರಿಗೆ ಕೊಟ್ಟೆ, ಲ್ಯಾಮಿನೇಟೆಡ್ ಗಾಜು ಅದೇ ದಿನ ಕತ್ತರಿಸಿ ಕೊಟ್ಟರು.

ಕಾರ್ಬ್ಯುರೇಟರಿನ ಬಗ್ಗೆ ನನ್ನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಒರಿಜಿನಲ್ ಕಾರ್ಟರ್, ಇಲ್ಲಿ ಸುಲಭಕ್ಕೆ ಸಿಗುವ ಸೊಲೆಕ್ಸ್, ಎರಡನ್ನೂ ಒಂದೊಂದು ವರ್ಷ ಓಡಿಸಿದೆ. ಸೊಲೆಕ್ಸ್ ಚಳಿಯಲ್ಲಿ ಬೇಗ ಸ್ಟಾರ್ಟ್ ಆಗುತ್ತದೆ, ಇಲ್ಲಿ ಯಾವ ಮೆಕ್ಯಾನಿಕ್ಕಿಗೂ ಅದರ ಟ್ಯೂನಿಂಗ್ ಗೊತ್ತು. ಕಾರ್ಟರ್ ಕಡಿಮೆ ಗೇರಿನಲ್ಲಿ, ಕೆಸರಿನಲ್ಲಿ, ಗಾಡಿ ತೆವಳುವ ಹಾಗೆ ಹೋಗುವಾಗ ಎಷ್ಟು ನಯವಾಗಿ ಎಳೆಯುತ್ತದೆ ಅಂದರೆ ಬಿಡಲು ಮನಸ್ಸೇ ಬರುವುದಿಲ್ಲ. ಯಾವುದನ್ನೇ ಹಾಕಿ, ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಶೇಕಡಾ 20ರವರೆಗೆ. ಅದಕ್ಕೆ ಹಳೇ ರಬ್ಬರ್ ಡಯಾಫ್ರಮ್, ಪೆಟ್ರೋಲ್ ಪೈಪು ತಡೆಯುವುದಿಲ್ಲ, ಊದಿಕೊಳ್ಳುತ್ತವೆ ಇಲ್ಲವೇ ಬಿರುಕು ಬಿಡುತ್ತವೆ. ಎಥೆನಾಲ್ ತಡೆಯುವ ಕಿಟ್ಟೇ ಕೇಳಿ ತರಿಸಿ.

ತಳ ಮತ್ತು ಬಾಡಿಗೆ ಬರೋಣ. ಹರಿಯಾಣದ ಮಂಡಿ ಡಬ್ವಾಲಿ ಹಳೇ ಜೀಪ್ ಕಟ್ಟುವುದಕ್ಕೆ ಹೆಸರಾದ ಊರು, ಆದರೆ ನಾನು ವಿಚಾರಿಸಿದಾಗ ಸಿಕ್ಕಿದ್ದು ಸಣ್ಣ ಜೀಪಿನ ಬಾಡಿ ಮಾತ್ರ. ಅಮೆರಿಕದಿಂದ ತಳದ ತಗಡು ತರಿಸುವುದೆಂದರೆ ಹಡಗಿನ ಬಾಡಿಗೆಯೇ ತಲೆ ಸುತ್ತಿಸುತ್ತದೆ. ಕುಶಾಲನಗರದ ಟಿಂಕರ್ ಒಬ್ಬರು 18 ಗೇಜ್ ತಗಡಿನಲ್ಲಿ ಎರಡು ವಾರದಲ್ಲಿ ಮಾಡಿ ಮುಗಿಸಿದರು. ಈ ಗಾಡಿಯ ಬಾಡಿ ಕೈಕೆಲಸಕ್ಕೆ ಒಗ್ಗುವುದಕ್ಕೆ ಒಂದು ಕಾರಣ ಇದೆ. ಎರಡನೇ ಮಹಾಯುದ್ಧ ಮುಗಿದಾಗ ವಿಲ್ಲೀಸ್ ಕಂಪನಿಗೆ ದೊಡ್ಡ ಕಾರು ಬಾಡಿ ಒತ್ತುವವರು ಸಿಗಲಿಲ್ಲ, ಮನೆ ಬಳಕೆಯ ಸಾಮಾನಿಗೆ ತಗಡು ಒತ್ತುವವರಿಂದ ಮಾಡಿಸಬೇಕಾಯಿತು. ಹೆಚ್ಚು ಆಳದ ಬಾಗು ಕೊಡಲು ಅವರಿಂದ ಆಗುತ್ತಿರಲಿಲ್ಲ. ಅದಕ್ಕೇ ಎಲ್ಲವೂ ಚಪ್ಪಟೆ, ಎಲ್ಲವೂ ಸರಳ. ಸುತ್ತಿಗೆ, ಮರದ ದಿಮ್ಮಿ ಇಟ್ಟುಕೊಂಡು ನಮ್ಮವರು ಅದನ್ನು ಮತ್ತೆ ಮಾಡಬಲ್ಲರು. ಮಡ್‌ಗಾರ್ಡಿನ ಕೆಳ ತುದಿ, ಬಾಗಿಲಿನ ಅಡಿ, ಮಾಡಿನ ನೀರು ಇಳಿಯುವ ಅಂಚು, ಈ ಮೂರು ಕಡೆ ಪುಟ್ಟಿ ತುಂಬಿಸಲು ಬಿಡಬೇಡಿ. ಪುಟ್ಟಿಯ ಅಡಿ ನೀರು ನಿಂತು ಮುಂದಿನ ಮಳೆಗಾಲಕ್ಕೇ ಗುಳ್ಳೆ ಏಳುತ್ತದೆ. ಕತ್ತರಿಸಿ, ಹೊಸ ತಗಡು ಬೆಸೆಯಲಿ, ಮೇಲೆ ಎಪಾಕ್ಸಿ ಪ್ರೈಮರ್ ಹೊಡೆಯಲಿ. ಬರೀ ರೆಡ್ ಆಕ್ಸೈಡ್ ಇಲ್ಲಿಗೆ ಸಾಲದು.

ಡೀಸೆಲ್ ಹಾಕಿಸಿಬಿಡಿ, ಖರ್ಚು ಉಳಿಯುತ್ತದೆ ಅಂತ ಹೇಳುವವರು ಬಹಳ. ನಾನು ಒಪ್ಪಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ, 'ವಿಎ' ಅಕ್ಷರ ಇರುವ ನಂಬರು ಸಿಗುತ್ತದೆ, ಮೊದಲ ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗಿರಬಾರದು. ಆ ನಂಬರು ಪಡೆದ ಮೇಲೆ ದಿನನಿತ್ಯ ಓಡಿಸುವ ಹಾಗಿಲ್ಲ ಅನ್ನುವುದೂ ಗೊತ್ತಿರಲಿ. ನಾನು ಇನ್ನೂ ಅರ್ಜಿ ಹಾಕಿಲ್ಲ. ತೋಟಕ್ಕೆ, ಸಂತೆಗೆ, ಮದುವೆಗೆ ಇದರಲ್ಲೇ ಹೋಗುವುದು ನಮಗೆ ಇಷ್ಟ.

ಈಗ ಉಳಿದಿರುವುದು ಹಿಂದಿನ ಮೇಲ್ಬಾಗಿಲನ್ನು ಎತ್ತಿ ಹಿಡಿಯುವ ಎರಡು ತೋಳು. ಒಂದು ವಿರಾಜಪೇಟೆಯ ಶೆಡ್ಡಿನಲ್ಲಿ ಸಿಕ್ಕಿತು, ಅಂಥದ್ದೇ ಇನ್ನೊಂದನ್ನು ಲೇತಿನವರು ಮಾಡುತ್ತಿದ್ದಾರೆ. ಎರಡನ್ನೂ ಒಟ್ಟಿಗೆ ಹಾಕಿ ಈ ಜೂನಿನಲ್ಲಿ ನೋಡುತ್ತೇನೆ.